ಅಶೋಕನನ್ನು ಹುಡುಕಿಕೊಂಡು ಹೈದರಾಬಾದಿಗೆ

ನಮ್ಮ ಶಾಲೆಯಲ್ಲಿ ಪರದೇಶ ನೋಡಿ ಬಂದವರು ಇಬ್ಬರಿದ್ದಾರೆ. ವಿಜ್ಞಾನದ ಮೇಡಂ ಸಿಂಗಾಪುರಕ್ಕೆ ಹೋಗಿ ಬಂದು ಒಂದು ವರ್ಷ ಅಲ್ಲಿನ ರಸ್ತೆಗಳ ಗುಣಗಾನ ಮಾಡಿದರು. ಡ್ರಾಯಿಂಗ್ ಮಾಸ್ತರು ದುಬೈಗೆ ಹೋಗಿ ಬಂದಮೇಲೆ ನಮ್ಮೊಂದಿಗೆ ಮಾತೇ ಕಡಿಮೆ ಮಾಡಿದರು. ನಾನು ಹೋದದ್ದು ಹೈದರಾಬಾದಿಗೆ, ಒಂಬತ್ತು ದಿನದ ಮಟ್ಟಿಗೆ. ಗದಗಿನಲ್ಲಿ ರೈಲು ಹತ್ತಿದರೆ ಮುಗಿಯಿತು, ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಆದರೂ ಇದನ್ನು ಪರದೇಶ ಪ್ರವಾಸ ಅಂತಲೇ ಬರೆಯುತ್ತಿದ್ದೇನೆ, ಯಾಕೆಂದರೆ ಅಲ್ಲಿ ನನಗೆ ಅರ್ಥವಾದದ್ದು ಅಷ್ಟು ಕಡಿಮೆ. ಚಾರ್‌ಮಿನಾರ್ ನೋಡಿದಿರಾ ಎಂದು ಎಲ್ಲರೂ ಕೇಳುತ್ತಾರೆ. ನೋಡಿದೆ. ಚೆನ್ನಾಗಿದೆ. ಹೇಳಬೇಕಾದದ್ದು ಅದಲ್ಲ.

ಹೋಗಲು ಕಾರಣ ನನ್ನ ತಂಗಿ ವಿಮಲಾ. ಆಕೆಯ ಗಂಡ ರೈಲ್ವೆಯಲ್ಲಿ ಗಾರ್ಡ್, ಇಪ್ಪತ್ತೈದು ವರ್ಷದಿಂದ ಅವರ ಸಂಸಾರ ಅಲ್ಲಿಯೇ. ಒಂದು ಸಂಜೆ ಫೋನು ಮಾಡಿ ದನಿ ಇಳಿಸಿದಳು.

"ಅಕ್ಕಾ, ನಮ್ಮ ಅಶ್ವಿನಿ ಬಾಯಾಗ ಯಾವನೋ ಅಶೋಕ್ ಅನ್ನೋನ ಹೆಸರು ಬರಾಕತ್ತೈತಿ. ಫೋನ್ ಹಿಡದ್ರ ಅವಂದ ಮಾತು. ನಾ ಕೇಳಿದ್ರ ನಗತಾಳ. ನಿನ್ನ ಮುಂದ ಹೇಳ್ತಾಳ, ನೀ ಒಮ್ಮೆ ಬಾ."

ಅಶ್ವಿನಿ ಆಕೆಯ ಒಬ್ಬಳೇ ಮಗಳು, ಇಪ್ಪತ್ತಮೂರು ವರ್ಷದವಳು. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿ ಮಾತಾಡಿದ್ದನ್ನು ಕಿವಿಗೆ ಹಾಕಿಕೊಂಡು ಟೈಪು ಮಾಡುವ ಕೆಲಸ ಅವಳದು. ಆಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಮುಟ್ಟಿದವರಿಗೆಲ್ಲ ಏನೋ ಒಂದು ಕೆಲಸ ಸಿಗುತ್ತಿತ್ತು. ಶೇಂಗಾ ಹೋಳಿಗೆಯ ಎರಡು ಡಬ್ಬಿ ಕಟ್ಟಿಕೊಂಡೆ. ಒಂದು ಮನೆಯವರಿಗೆ. ಇನ್ನೊಂದು, ಹುಡುಗ ಒಳ್ಳೆಯವನು ಅನಿಸಿದರೆ, ಅಶೋಕನಿಗೆ.

ಸಿಕಂದರಾಬಾದ್

ನಾನು ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವಳು. ತೆಲುಗು ಬಾರದಿದ್ದರೂ ಹಿಂದಿಯಲ್ಲಿ ನಿಭಾಯಿಸುತ್ತೇನೆ ಎಂಬ ಧೈರ್ಯ ಇತ್ತು. ಸ್ಟೇಷನ್ನಿನ ಹೊರಗೆ ಆಟೊದವನಿಗೆ, "ಕೃಪಯಾ ಮುಝೇ ಮಲ್ಕಾಜ್‌ಗಿರಿ ಪಹುಂಚಾ ದೀಜಿಯೇ" ಎಂದೆ. ಅವನು ಬಾಯಿಂದ ಬೀಡಿ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಆಪ್ ಟೀವೀ ಮೇ ಖಬರಾಂ ಪಢತೇ ಕ್ಯಾ ಅಮ್ಮಾ?"

ನಾನು ಟೀವಿಯಲ್ಲಿ ವಾರ್ತೆ ಓದುವವಳೇ ಎಂದು ಅವನ ಪ್ರಶ್ನೆ. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ ಹಿಂದಿಯನ್ನು ಯಾರೂ ಮಾತಾಡದ ಊರಿಗೆ ಬಂದಿದ್ದೇನೆ ಎಂದು ಅಲ್ಲಿಯೇ ತಿಳಿಯಿತು. ಆ ಊರಲ್ಲಿ ಯಾರಿಗೆ ದಾರಿ ಕೇಳಿದರೂ "ಸೀದಾ" ಎನ್ನುತ್ತಾರೆ. ಎಡಕ್ಕೆ ಹೋಗಬೇಕಾದರೂ ಸೀದಾ, ಬಂದ ದಾರಿಯಲ್ಲೇ ವಾಪಸು ಹೋಗಬೇಕಾದರೂ ಸೀದಾ.

ಮಲ್ಕಾಜ್‌ಗಿರಿ

ವಿಮಲಾಳ ಓಣಿಯಲ್ಲಿ ಗಡಿಯಾರಕ್ಕೆ ಕೆಲಸವಿಲ್ಲ. ಹೆಂಗಸರು ರೈಲಿನ ಸದ್ದಿಗೆ ಒಲೆ ಹಚ್ಚುತ್ತಾರೆ, ಇನ್ನೊಂದು ರೈಲಿನ ಸದ್ದಿಗೆ ಇಳಿಸುತ್ತಾರೆ. ರೈಲು ತಡವಾದ ದಿನ ನಮಗೆ ಅನ್ನ ಮುದ್ದೆಯಾಯಿತು.

ಅಶ್ವಿನಿ ನನ್ನನ್ನು ತಬ್ಬಿಕೊಂಡು, "ದೊಡ್ಡವ್ವ, ಭಾಳ ತೆಳ್ಳಗಾಗೀದಿ" ಎಂದಳು. ಅದು ಸುಳ್ಳು, ಆದರೆ ಕೇಳಲು ಹಿತವಾಗಿತ್ತು. ಎರಡನೆಯ ದಿನ ಅವಳು ವರಾಂಡದಲ್ಲಿ ನಿಂತು ಆಫೀಸಿನ ಗೆಳತಿಯೊಂದಿಗೆ ಫೋನಿನಲ್ಲಿ ಹಿಂದಿಯಲ್ಲಿ ಮಾತಾಡುವುದು ನನ್ನ ಕಿವಿಗೆ ಬಿತ್ತು. ಅಶೋಕ ನಿನ್ನೆ ಐದೂ ಜನರನ್ನು ಒಬ್ಬನೇ ಮುಗಿಸಿದನಂತೆ. ಕೊನೆಯವನನ್ನು ಬಾಗಿಲ ಹಿಂದೆ ನಿಂತು ಹೊಡೆದನಂತೆ. ಅಷ್ಟು ಹೇಳಿ ಹುಡುಗಿ ಖುಷಿಯಿಂದ ನಕ್ಕಳು. ಪ್ರೀತಿ ಪ್ರೇಮವಾದರೆ ಕೂಡಿಸಿ ಮಾತಾಡಬಹುದು. ಇವನು ಗೂಂಡಾ ಎಂದು ವಿಮಲಾಳಿಗೆ ಹೇಗೆ ಹೇಳುವುದು?

ಹೇಳಲಿಲ್ಲ. ಅಂದು ಸಂಜೆ ಮನಸ್ಸು ಬೇರೆ ಕಡೆ ಹೋಗಲಿ ಎಂದು ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಗೀಚಿ ಕವಡೆ ತೆಗೆದೆವು. ಓಣಿಯಲ್ಲಿ ವಿಜಾಪುರ, ಬಾಗಲಕೋಟೆ ಕಡೆಯ ರೈಲ್ವೆ ಸಂಸಾರಗಳು ಇವೆ. ಕವಡೆ ಸದ್ದಿಗೆ ಅವರೂ ಬಂದು ಸುತ್ತ ಕೂತರು. ನಮ್ಮ ಕಡೆ ಆಡುವವರು ಇಬ್ಬರಾದರೆ ಹೇಳಿಕೊಡುವವರು ಎಂಟು ಮಂದಿ. "ಆ ಕಾಯಿ ನಡಸ್ರಿ", "ಹಿಂದ ಬಂತ ನೋಡ್ರಿ" ಎಂದು ಕೂಗದಿದ್ದರೆ ಅದು ಆಟವೇ ಅಲ್ಲ, ಸಂತಾಪ ಸಭೆ.

ಅಶ್ವಿನಿ ಕಂಬಕ್ಕೆ ಆತು ನೋಡುತ್ತಿದ್ದಳು. "ನೋಡೋರು ಬಾಯಿ ಹಾಕಿದ್ರ ಅದು ಆಟ ಹ್ಯಾಂಗಾತು?" ಎಂದಳು. ಎಲ್ಲರೂ ನಕ್ಕೆವು.

ಅಷ್ಟರಲ್ಲಿ ತಂಗಿಯ ಗಂಡ ಡ್ಯೂಟಿ ಮುಗಿಸಿ ಬಂದು ನನ್ನೆದುರು ಆಟಕ್ಕೆ ಕೂತರು, ಗೆದ್ದರು. ಖುಷಿಯಿಂದ ಎರಡು ರೊಟ್ಟಿ ಹೆಚ್ಚು ಉಂಡರು. ಕೈ ತೊಳೆಯುವಾಗ ಅಶ್ವಿನಿ ನನ್ನ ಪಕ್ಕ ಬಂದು ನಿಂತಳು.

"ದೊಡ್ಡವ್ವ, ನಿಂಗ ಎಂಟರ ಬಾರಾ ಬಿದ್ದಾಗ ಅಪ್ಪನ ಕಾಯಿ ಯಾಕ ಹೊಡೀಲಿಲ್ಲ?"

"ಕಾಣಲಿಲ್ಲವ್ವಾ."

"ಸುಳ್ಳ. ಕಂಡಿತ್ತ ನಿಂಗ."

ಕಂಡಿತ್ತು. ಮದುವೆಯಾದ ಹೊಸದರಲ್ಲಿ ನಾನು ಮಾವನವರನ್ನು ಒಮ್ಮೆ ಸೋಲಿಸಿಬಿಟ್ಟಿದ್ದೆ. ಅವರು ಆ ದಿನ ಊಟಕ್ಕೆ ಏಳಲಿಲ್ಲ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಕೊನೆಯ ಕಾಯಿಯನ್ನು ಹೇಗೆ ತಡೆದು ಇಟ್ಟುಕೊಳ್ಳಬೇಕು ಎಂದು ಹೇಳಿಕೊಟ್ಟರು. ಅಲ್ಲಿಂದ ಮುಂದೆ ಮೂವತ್ತು ವರ್ಷ ನಾನು ಮಾವನವರ ಮುಂದೆ, ಆಮೇಲೆ ಗಂಡನ ಮುಂದೆ ಚೆನ್ನಾಗಿ ಸೋತಿದ್ದೇನೆ. ಸೋಲುವುದೂ ಕಷ್ಟದ ವಿದ್ಯೆ, ಗೊತ್ತಾಗದಂತೆ ಸೋಲಬೇಕು. ಇದನ್ನು ಕಂಡುಹಿಡಿದವಳು ಈ ಹುಡುಗಿಯೊಬ್ಬಳೇ.

ಸುಲ್ತಾನ್ ಬಜಾರ್

ಸುಲ್ತಾನ್ ಬಜಾರಿನಲ್ಲಿ ನಾವು ನಡೆಯಲಿಲ್ಲ. ಜನ ನಮ್ಮನ್ನು ನಡೆಸಿದರು. ಕುಪ್ಪಸದ ಬಟ್ಟೆ ಕೊಳ್ಳಲು ಹೋದ ನಾನು ಬಳೆ ಅಂಗಡಿಯ ಮುಂದೆ ಬಂದು ನಿಂತೆ, ಅಲ್ಲಿಂದ ಯಾರದೋ ಮೊಣಕೈ ನನ್ನನ್ನು ಆಟಿಗೆ ಅಂಗಡಿಗೆ ಮುಟ್ಟಿಸಿತು. ಬಂದದ್ದು ಬಂದೆನಲ್ಲ, ಊರಲ್ಲಿರುವ ನನ್ನ ಮೊಮ್ಮಗಳಿಗೆ ಏನಾದರೂ ಕೊಳ್ಳೋಣ ಎಂದುಕೊಂಡೆ. ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ವಿಡಿಯೊ ಗೇಮ್ ಇತ್ತು, ಮೇಲಿಂದ ಇಟ್ಟಿಗೆಗಳು ಬೀಳುವಂಥದ್ದು. ಕೇಳಿದೆ.

"ಲಡಕಾ ಕಿ ಲಡಕೀ?" ಎಂದ ಅಂಗಡಿಯವನು.

ಲಡಕೀ ಎಂದೆ. ಅವನು ಅದನ್ನು ತೆಗೆಯಲೇ ಇಲ್ಲ. ಹಿಂದೆ ತಿರುಗಿ ಗುಲಾಬಿ ಬಣ್ಣದ ಒಲೆ, ಪಾತ್ರೆ, ಲಟ್ಟಣಿಗೆಯ ಸೆಟ್ಟು ಇಟ್ಟ. ನಾನೂ ಚೆನ್ನಾಗಿದೆ ಅಂತಲೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಅಶ್ವಿನಿ ಕೈ ಹಾಕಿ ಆ ಗೇಮನ್ನು ತೆಗೆದುಕೊಂಡು, ನಿಂತಲ್ಲೇ ಆಡತೊಡಗಿದಳು. ಅವಳ ಹೆಬ್ಬೆರಳುಗಳು ನೋಡುವಂತಿದ್ದವು. ಇಟ್ಟಿಗೆಗಳು ಮಳೆಯಂತೆ ಬೀಳುತ್ತಿದ್ದರೂ ಅವಳ ಮುಖದಲ್ಲಿ ಅವಸರವಿಲ್ಲ. ಪಕ್ಕದ ಅಂಗಡಿಯವರೂ ಬಂದು ಬಗ್ಗಿ ನೋಡಿದರು. ಆಟ ಮುಗಿದಾಗ ಅಂಗಡಿಯವನು ಮೆಚ್ಚಿಕೊಂಡು ಕೇಳಿದ, "ಕೌನ್ ಸಿಖಾಯಾ ಬೇಟಾ? ಭಾಯಿ?"

ಅಶ್ವಿನಿ ಗೇಮನ್ನು ಪೆಟ್ಟಿಗೆಯ ಮೇಲಿಟ್ಟು ಹೊರಟುಬಿಟ್ಟಳು. ನಾನು ಹಿಂದೆ ಓಡಿ, ಏದುಸಿರು ಬಿಡುತ್ತ ಅದನ್ನೇ ಕೇಳಿದೆ.

"ಖರೇನ ಯಾರು ಕಲಿಸಿದ್ರ? ಅಶೋಕನಾ?"

ಆಕೆ ನಿಂತಳು. ಸಿಟ್ಟಿನಲ್ಲಿದ್ದ ಮುಖದಲ್ಲಿ ನಗು ಒಡೆಯಿತು. "ದೊಡ್ಡವ್ವ, ಅಶೋಕನ್ನ ನೋಡಬೇಕೇನು? ಐತವಾರ ನನ್ನ ಜೋಡಿ ಲಿಂಗಂಪಲ್ಲಿಗೆ ಬಾ. ಅವ್ವನ ಮುಂದ ಹೇಳಬ್ಯಾಡ."

ಲಿಂಗಂಪಲ್ಲಿ

ಭಾನುವಾರ ಓವರ್‌ಟೈಮ್ ಎಂದು ಹೇಳಿ ಅಶ್ವಿನಿ, ಆಫೀಸು ನೋಡಿ ಬರುತ್ತೇನೆ ಎಂದು ಹೇಳಿ ನಾನು, ಹೊಸದಾಗಿ ಬಿಟ್ಟಿದ್ದ ಲೋಕಲ್ ರೈಲು ಹತ್ತಿದೆವು. ನಾನು ಇಳಕಲ್ ಸೀರೆ ಉಟ್ಟಿದ್ದೆ. ಚೀಲದಲ್ಲಿ ಹೋಳಿಗೆಯ ಡಬ್ಬಿ. ಗೂಂಡಾನೇ ಆಗಲಿ, ಮೊದಲ ಸಲ ನೋಡುವಾಗ ಬರಿಗೈಯಲ್ಲಿ ಹೋಗಬಾರದು. ಕಿಟಕಿಯ ಹೊರಗೆ ಬಂಡೆಗಳು, ಬಂಡೆಗಳ ನಡುವೆ ಗಾಜಿನ ಕಟ್ಟಡಗಳು. ಲಿಂಗಂಪಲ್ಲಿಯಲ್ಲಿ ಇಳಿದರೆ ಎಲ್ಲ ಕಡೆ ಅರ್ಧ ಎದ್ದ ಮಹಡಿಗಳು. ಕಾಂಕ್ರೀಟಿನ ಬುಟ್ಟಿ ಹೊತ್ತ ಹೆಂಗಸರು ನಮ್ಮ ಕಲಬುರಗಿ ಕಡೆಯ ಕನ್ನಡ ಮಾತಾಡುತ್ತಿದ್ದರು. ಜೀವಕ್ಕೆ ಸ್ವಲ್ಪ ಧೈರ್ಯ ಬಂತು.

ಅಶ್ವಿನಿ ಕರೆದೊಯ್ದದ್ದು ಒಂದು ಬೇಕರಿಯ ಮೇಲಿನ ಮಹಡಿಗೆ. ಮೆಟ್ಟಿಲ ಮೇಲೆಲ್ಲ ಗಂಡು ಹುಡುಗರ ಬೂಟು ಚಪ್ಪಲಿ. ಒಳಗೆ ಕತ್ತಲು ಕತ್ತಲಾದ ಉದ್ದನೆಯ ಹಾಲು, ಎರಡು ಸಾಲು ಕಂಪ್ಯೂಟರು, ಬೆವರಿನ ವಾಸನೆ. ಬಾಗಿಲ ಬದಿಗೆ ಪ್ಲೈವುಡ್ ಹೊಡೆದು ಮಾಡಿದ ಒಂದು ಗೂಡು, ಅದಕ್ಕೆ ಪರದೆ, ಮೇಲೆ 'ಲೇಡೀಸ್' ಎಂಬ ಚೀಟಿ. ಅಶ್ವಿನಿ ಅದರೊಳಗೆ ಹೋಗಿ, ನನ್ನನ್ನು ಹಾಲಿನಲ್ಲಿ ಒಂದು ಕುರ್ಚಿಗೆ ಕೂರಿಸಿದಳು. "ಅಶೋಕ ಈಗ ಬರ್ತಾನ" ಎಂದಳು.

ಆ ಗೇಮ್ ಸೆಂಟರಿನ ಮಾಲೀಕ ಶ್ರೀನಿವಾಸ್ ಗಾರು ಬಿಳಿ ಬೋರ್ಡಿನ ಮೇಲೆ ಎರಡು ಹೆಸರು ಬರೆದಿದ್ದರು. ಅಶೋಕ್, ನವೀನ್. ನನಗಾಗಿ ಹಿಂದಿಯಲ್ಲಿ ವಿವರಿಸಿದರು. ಮುಂದಿನ ತಿಂಗಳು ಊರಿನ ಸೆಂಟರುಗಳ ನಡುವೆ ಪಂದ್ಯ ಇದೆ, ಒಂದೊಂದು ತಂಡಕ್ಕೆ ಐದು ಜನ. ನಾಲ್ವರು ಸಿಕ್ಕಿದ್ದಾರೆ. ಐದನೆಯ ಜಾಗಕ್ಕೆ ಇವರಿಬ್ಬರಲ್ಲಿ ಗೆದ್ದವರು. ಹದಿಮೂರು ಸುತ್ತು, ಯಾರು ಮೊದಲು ಏಳು ಗೆಲ್ಲುತ್ತಾರೋ ಅವರು. ನವೀನ್ ಎಂಬ ಹುಡುಗ ಆಗಲೇ ಒಂದು ಕಂಪ್ಯೂಟರಿನ ಮುಂದೆ ಬೆರಳು ಮುರಿಯುತ್ತ ಕೂತಿದ್ದ. ಹುಡುಗರೆಲ್ಲ ಆರು ತಿಂಗಳಿಂದ ಕಂಪ್ಯೂಟರಿನ ತಂತಿಯ ಮೂಲಕ ಅಶೋಕನ ಕೈಯಲ್ಲಿ ಏಟು ತಿಂದವರೇ, ಆದರೆ ಅವನ ಮುಖ ನೋಡಿದವರಿಲ್ಲ. ಎಲ್ಲರಿಗೂ ಇವತ್ತು ಅವನನ್ನು ನೋಡುವ ಆಸೆ.

ಶ್ರೀನಿವಾಸ್ ಗಾರು, "ಅಶೋಕ್!" ಎಂದು ಕೂಗಿದರು.

ಪರದೆ ಸರಿಸಿ ಅಶ್ವಿನಿ ಹೊರಬಂದಳು. ಹುಡುಗರು ಅವಳನ್ನು ನೋಡಿ, ಅವಳನ್ನು ದಾಟಿ ಬಾಗಿಲ ಕಡೆ ನೋಡಿದರು. ನಾನೂ ಬಾಗಿಲ ಕಡೆಯೇ ನೋಡಿದೆ, ಡಬ್ಬಿಯನ್ನು ಕೈಗೆ ತೆಗೆದುಕೊಂಡು. ಬಾಗಿಲಲ್ಲಿ ಯಾರೂ ಇಲ್ಲ. ತಿರುಗಿ ನೋಡುವಷ್ಟರಲ್ಲಿ ಅಶ್ವಿನಿ ನವೀನನ ಎದುರಿನ ಕುರ್ಚಿಯಲ್ಲಿ ಕೂತು ಹೆಡ್‌ಫೋನು ಹಾಕಿಕೊಳ್ಳುತ್ತಿದ್ದಳು. ನನ್ನ ಪಕ್ಕದ ಹುಡುಗ ಮೆಲ್ಲಗೆ, "ಆಂಟೀ, ಇನೋಕು ಕೌನ್ ಸಿಖಾಯಾ?" ಎಂದ.

ಇವಳಿಗೆ ಯಾರು ಕಲಿಸಿದರೋ ಗೊತ್ತಿಲ್ಲ ಎಂದೆ. ನಿಜವಾಗಿ ಆ ಹೊತ್ತಿನಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ಗೂಂಡಾ ಇಲ್ಲ ಎಂದು ಸಮಾಧಾನಪಡಬೇಕೋ, ಐದು ಜನರನ್ನು ಮುಗಿಸಿದವಳು ನಮ್ಮ ಹುಡುಗಿಯೇ ಎಂದು ಗಾಬರಿಯಾಗಬೇಕೋ ತಿಳಿಯಲಿಲ್ಲ.

ಆಟ ಶುರುವಾಯಿತು. ತೆರೆಯ ಮೇಲೆ ಆಡುವವರ ಮುಖ ಇಲ್ಲ, ಬಂದೂಕು ಹಿಡಿದ ಎರಡು ಕೈ ಮಾತ್ರ. ಅವೂ ಗಂಡಸಿನ ಕೈ. ಪಾಳುಬಿದ್ದ ಊರೊಂದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿ ಹೊಡೆಯಬೇಕು. ಮೊದಲು ನನಗೆ ತಲೆ ತಿರುಗಿತು. ಮೂರು ಸುತ್ತಿಗೆ ಸ್ವಲ್ಪ ಹಿಡಿತ ಸಿಕ್ಕಿತು. ಐದನೆಯದಕ್ಕೆ ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ಸಾಲಿನ ತುದಿಗೆ ಹೋಗಿ ನಿಂತರೆ ಇಬ್ಬರ ತೆರೆಯೂ ಕಾಣುತ್ತಿತ್ತು. ಅಲ್ಲಿಯೇ ನಿಂತೆ. ಮೂರು ಮೂರು. ಐದು ಐದು. ಆರು ಆರು.

ಕೊನೆಯ ಸುತ್ತು. ನವೀನ್ ಒಂದು ಮೆಟ್ಟಿಲ ಅಡಿಯಲ್ಲಿ ಅಡಗಿ ಕೂತ. ಅಶ್ವಿನಿ ಅದೇ ಮೆಟ್ಟಿಲ ಕಡೆಗೆ ಬೆನ್ನು ತಿರುಗಿಸಿ ನಡೆಯುತ್ತಿದ್ದಳು. ನನ್ನ ಕಣ್ಣಿಗೆ ಪಡಸಾಲೆ, ಕವಡೆ, ಸುತ್ತ ಕೂತ ನಮ್ಮ ಓಣಿಯ ಹೆಂಗಸರು ಬಂದರೋ ಏನೋ. ಹೆಡ್‌ಫೋನನ್ನೂ ದಾಟಿ ಕೇಳುವಂತೆ ಗಂಟಲು ಹರಿದು ಕೂಗಿದೆ.

"ಅಶ್ವಿನೀ, ಮೆಟ್ಟಲ ಕೆಳಗ ಕುಂತಾನವ್ವಾ! ಹಿಂದ ನೋಡ!"

ಅವಳ ಕೈ ತಾನಾಗಿ ತಿರುಗಿತು. ಒಂದೇ ಏಟು. ನವೀನನ ತೆರೆ ಕೆಂಪಾಯಿತು. ಹುಡುಗರು "ಅಬ್ಬಾ" ಎಂದರು, ಶ್ರೀನಿವಾಸ್ ಗಾರು ಏಳು ಎಂದು ಬರೆಯಲು ಪೆನ್ನು ಎತ್ತಿದರು. ನಾನು ಚಪ್ಪಾಳೆ ಹೊಡೆದೆ. ಅಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಮುದುಕಿ ಸಂತೋಷಕ್ಕೆ ಕೂಗಿದಳು ಅಂತಲೇ ಎಲ್ಲರೂ ತಿಳಿದಿದ್ದರು.

ಅಶ್ವಿನಿ ಹೆಡ್‌ಫೋನು ಕಳಚಿ ಎದ್ದು ನಿಂತಳು. ತೆಲುಗಿನಲ್ಲಿ ಏನೋ ಹೇಳಿದಳು. ನನಗೆ ತಿಳಿದದ್ದು 'ಪೆದ್ದಮ್ಮ', ಅಂದರೆ ದೊಡ್ಡವ್ವ, ಎಂಬ ಒಂದೇ ಮಾತು. ಆ ಮಾತಿಗೆ ಇಡೀ ಹಾಲು ತಿರುಗಿ ನನ್ನನ್ನು ನೋಡಿತು. ನಾನು ಹೇಳಿಕೊಟ್ಟದ್ದನ್ನು ಅವಳು ಹೇಳಿಬಿಟ್ಟಿದ್ದಳು. ಚಪ್ಪಾಳೆಗೆ ಎತ್ತಿದ ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಸೆರಗಿನಲ್ಲಿ ಅಡಗಿಸಿದೆ.

ನವೀನ್ ಭುಜ ಹಾರಿಸಿ ಏನೋ ಅಂದ. ಆಮೇಲೆ ಅಶ್ವಿನಿ ಹೇಳಿದಳು, "ಹೋಗಲಿ ಬಿಡ್ರಿ, ಹುಡುಗಿ ತಾನೇ, ಅವಳಿಗೇ ಕೊಡ್ರಿ" ಅಂದನಂತೆ. ಅದನ್ನು ಕೇಳಿದಾಗ ಅವಳ ಮುಖ ಹೇಗಾಯಿತು ಎಂಬುದನ್ನು ಮಾತ್ರ ಅನುವಾದವಿಲ್ಲದೆ ನೋಡಿದೆ. ಸುಲ್ತಾನ್ ಬಜಾರಿನ ಸಿಟ್ಟು ಅದರ ಮುಂದೆ ಏನೂ ಅಲ್ಲ. ಅವಳು ಕೂತಳು, ಮತ್ತೆ ಆಡೋಣ ಎಂದು ಬೆರಳು ಸುತ್ತಿಸಿ ತೋರಿಸಿದಳು. ನನ್ನ ಕಡೆ ತಿರುಗಿ, "ದೊಡ್ಡವ್ವ, ನೀ ಹೊರಗ ಕುಂದ್ರು" ಎಂದಳು.

ಚಪ್ಪಲಿ ಬಿಡುವ ಮೆಟ್ಟಿಲು

ಹೈದರಾಬಾದಿನಲ್ಲಿ ನಾನು ಅತಿ ಹೆಚ್ಚು ನೋಡಿದ ಜಾಗ ಇದು. ಮೂವತ್ತು ಜೋಡಿ ಗಂಡಸರ ಬೂಟುಗಳ ನಡುವೆ ಒಂದು ಜೋಡಿ ಸಣ್ಣ ನೀಲಿ ಚಪ್ಪಲಿ, ಪಕ್ಕದಲ್ಲಿ ನನ್ನವು. ಒಳಗೆ ಸದ್ದಿಲ್ಲ. ದೇವರೇ, ಇದೊಂದು ಸುತ್ತು ಆಕೆಗೆ ಕೊಡು ಎಂದು ಬೇಡಿಕೊಂಡೆ. ಮರುಕ್ಷಣ, ಕೊಡಬೇಡ, ಕೊಟ್ಟರೆ ಆಕೆ ತೆಗೆದುಕೊಳ್ಳುವುದಿಲ್ಲ ಎಂದು ಬೇಡಿಕೊಂಡೆ. ದೇವರಿಗೂ ಗೊಂದಲವಾಗಿರಬೇಕು. ನನಗೆ ಅಳು ಬಂತು. ಅಳುತ್ತ ಕೂತೆ.

ಒಳಗೆ ಒಮ್ಮೆಲೇ ಕೂಗೆದ್ದಿತು. ಅದು ಯಾರ ಕಡೆಯ ಕೂಗು ಎಂದು ಹೊರಗಿನಿಂದ ಹೇಗೆ ತಿಳಿಯಬೇಕು? ಬಾಗಿಲಿಗೆ ಹೋಗಿ ಇಣುಕಿದೆ. ಹುಡುಗರು ನವೀನನ ಬೆನ್ನು ತಟ್ಟುತ್ತಿದ್ದರು.

ಅಶ್ವಿನಿ ಬೋರ್ಡಿನ ಮುಂದೆ ನಿಂತಿದ್ದಳು. ನವೀನ್ ಏಳು, ಅಶೋಕ್ ಆರು ಎಂದು ಬರೆದಾಗಿತ್ತು. ಅವಳು ಒರೆಸುವ ಬಟ್ಟೆ ತೆಗೆದುಕೊಂಡು ಅಶೋಕ್ ಎಂಬುದನ್ನು ಒರೆಸಿದಳು. ಪೆನ್ನು ಕೇಳಿ ಇಸಿದುಕೊಂಡು ಆ ಜಾಗದಲ್ಲಿ ಅಶ್ವಿನಿ ಎಂದು ಬರೆದಳು. ಆರನ್ನು ಮುಟ್ಟಲಿಲ್ಲ.

ನನ್ನ ಪಕ್ಕ ಬಂದು ಚಪ್ಪಲಿ ಮೆಟ್ಟುತ್ತ, "ಸೋತಾಕಿ ಹೆಸರರೆ ಖರೇ ಇರಲಿ" ಎಂದಳು.

ಲೋಕಲ್ ರೈಲು

ಹೆಂಗಸರ ಬೋಗಿಯಲ್ಲಿ ಕೂತೆವು. ನನಗೆ ತಲೆ ಎತ್ತಲು ಆಗಲಿಲ್ಲ. "ನನ್ನಿಂದ ಹೋತವ್ವಾ" ಎಂದೆ.

"ನಿನ್ನಿಂದ ಅಲ್ಲ. ಅಂವ ಕಡೀ ಸುತ್ತ ಛಲೋ ಆಡಿದ." ಆಮೇಲೆ ಸೇರಿಸಿದಳು, "ಸಿಟ್ಟಂತೂ ಬಂದೈತಿ. ಆದ್ರ ಆರು ಸುತ್ತ ನಾನ ಗೆದ್ದೀನಿ."

ಅಶೋಕ ಯಾಕೆ ಬೇಕಾಯಿತು ಎಂದು ಕೇಳಿದೆ.

"ಮೊದಲ ನನ್ನ ಹೆಸರ್ಲೇನ ಆಡ್ತಿದ್ದೆ. ಅರ್ಧ ಮಂದಿ ಫೋನ್ ನಂಬರ್ ಕೇಳೋರು. ಸೋತೋರು ಯಾರಾರ ಹಿಂದ ಕುಂತು ಹೇಳಿಕೊಟ್ಟಿರ್ಬೇಕು ಅನ್ನೋರು. ಉಳದೋರು ಬಿಟ್ಟುಕೊಡೋರು. ಹೊಡ್ಯಾಕ ಬಂದ್ರೂ ಹೊಡೀದ ನಿಲ್ಲೋರು. ಅದ ಭಾಳ ಕೆಟ್ಟ, ದೊಡ್ಡವ್ವ. ಆಡೇ ಇಲ್ಲಂಗ ಅನಸ್ತೈತಿ."

"ಹೆಂಗಸಿನ ರೂಪ ತಗೊಂಡು ಆಡೋ ಆಟ ಇಲ್ಲೇನು?"

"ಒಂದು ಐತಿ. ಆಕಿ ಮೈಮ್ಯಾಲೆ ಬಟ್ಟಿ ಇಲ್ಲ."

ಇಬ್ಬರೂ ನಕ್ಕೆವು. ಅಶೋಕನ ಡಬ್ಬಿ ತೆಗೆದು ಅವಳ ಮಡಿಲಲ್ಲಿಟ್ಟೆ. ಬೇಗಂಪೇಟೆ ಬರುವಷ್ಟರಲ್ಲಿ ಹೋಳಿಗೆ ಮುಗಿದಿದ್ದವು. ಆದರೆ ನನಗೆ ಒಳಗೊಳಗೇ ಏನೋ ಚುಚ್ಚುತ್ತಿತ್ತು. ಬಿಟ್ಟುಕೊಡುವುದು ಕೆಟ್ಟದ್ದು ಎಂದು ಇದುವರೆಗೆ ನನಗೆ ಯಾರೂ ಹೇಳಿರಲಿಲ್ಲ. ಅದನ್ನು ನಾನು ಒಳ್ಳೆಯ ಸೊಸೆಯ ಲಕ್ಷಣ ಎಂದು ಕಲಿತಿದ್ದೆ. ಹಾಗಾದರೆ ಇಷ್ಟು ವರ್ಷ ನಾನು ನನ್ನ ಗಂಡನಿಗೆ ಮಾಡಿದ್ದು ಉಪಕಾರವೋ ಅವಮಾನವೋ?

ಮನೆಯಲ್ಲಿ ಅಶ್ವಿನಿ ತಾನೇ ಎಲ್ಲ ಹೇಳಿದಳು. ವಿಮಲಾ ಮೊದಲು ನಿಟ್ಟುಸಿರು ಬಿಟ್ಟು, ಆಮೇಲೆ ತಲೆಯ ಮೇಲೆ ಕೈ ಹೊತ್ತಳು. "ಪ್ರೀತಿ ಅಂದ್ರ ನಂಗ ತಿಳೀತಿತ್ತು ಅಕ್ಕಾ. ಬೈದು, ಅತ್ತು, ಏನಾರ ಮಾಡ್ತಿದ್ದೆ. ಇದಕ್ಕ ಏನ್ ಮಾಡಬೇಕು?" ಮುಂದಿನ ಭಾನುವಾರ ಹೋಗಬೇಡ ಎಂದು ಮಾತ್ರ ಆಕೆ ಹೇಳಲಿಲ್ಲ.

ಗದಗ

ಊರಿಗೆ ಬಂದ ನಾಲ್ಕನೆಯ ದಿನ ನನ್ನ ಯಜಮಾನರು ಚಹಾ ಕುಡಿದು, "ಬಾ, ಒಂದ ಆಟ ಹಾಕೋಣು" ಎಂದು ಚೌಕಾಬಾರದ ಹಲಗೆ ತೆಗೆದರು. ಪಕ್ಕದ ಮನೆಯ ಶಾಂತಕ್ಕ ಎಂದಿನಂತೆ ನೋಡಲು ಬಂದು ಕೂತಳು.

ಅವರ ಮೂರು ಕಾಯಿ ಹಣ್ಣಾಗಿ ಗೂಡು ಸೇರಿದ್ದವು. ನಾಲ್ಕನೆಯದು ಗೂಡಿಗೆ ಎರಡು ಮನೆ ಹೊರಗೆ ನಿಂತಿತ್ತು. ನಾನು ಕವಡೆ ಉರುಳಿಸಿದೆ. ನಾಲ್ಕೂ ಬೋರಲು ಬಿದ್ದವು, ಬಾರಾ. ಎಂಟು ಎಣಿಸಿದರೆ ನನ್ನ ಕಾಯಿ ಸರಿಯಾಗಿ ಅವರ ಕಾಯಿಯ ಮೇಲೆ. ಶಾಂತಕ್ಕನಿಗೂ ಕಂಡಿತು, ಬಾಯಿ ತೆರೆದಳು. ನಾನು ಕೈ ಅಡ್ಡ ಹಿಡಿದು ತಡೆದೆ.

"ಸುಮ್ನಿರವ್ವಾ. ನಾನ ಆಡ್ತೀನಿ."

ಎಂಟು ಮನೆ ಎಣಿಸಿ ಹೊಡೆದೆ. ಅವರ ಕಾಯಿಯನ್ನು ಎತ್ತಿ ಅವರ ಅಂಗೈಯಲ್ಲಿಟ್ಟೆ. ಆಮೇಲೆ ನಾನೇ ಗೆದ್ದೆ. ಅವರು ಬಹಳ ಹೊತ್ತು ಹಲಗೆಯನ್ನು ನೋಡಿದರು. ಮಾವನವರ ಹಾಗೆ ಇವರೂ ಊಟ ಬಿಡುತ್ತಾರೇನೋ ಎಂದುಕೊಂಡೆ. ಅವರು ತಲೆ ಎತ್ತಿ ಕೇಳಿದರು.

"ಹೈದರಾಬಾದಿನ್ಯಾಗ ನಿಂಗ ಇದನ್ನ ಯಾರು ಕಲಿಸಿದ್ರ?"

"ಯಾರೂ ಕಲಿಸಿಲ್ಲರಿ" ಎಂದೆ. "ನಂಗ ಮೊದಲಿಂದಾನೂ ಬರ್ತಿತ್ತು."

ಅವರು ಅಂಗೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹಲಗೆಯನ್ನು ನನ್ನ ಕಡೆ ಸರಿಸಿ, ಕವಡೆಗಳನ್ನು ಒಟ್ಟುಮಾಡಿದರು.

"ಮತ್ತೊಂದ ಆಟ ಹಾಕು" ಎಂದರು. "ಈ ಸಲ ಖರೇನ ಆಡೋಣು."